ವೆಲಾಸ್ಕೆಸ್ ಬರೆದ ಪರೇಹ: ನಕಲು ಮಾಡುತ್ತ ಕಲಿತ ತೈಲವರ್ಣ

ತೈಲವರ್ಣದಲ್ಲಿ ಮುಖ ಬರೆಯುವುದನ್ನು ಕಲಿಯಬೇಕೆಂದು ಕೇಳುವವರಿಗೆ ನಾನು ಮೊದಲು ಹೇಳುವುದು, ಹಳೆಯ ಕಾಲದ ಒಂದು ದೊಡ್ಡ ಚಿತ್ರವನ್ನು ಆರಿಸಿಕೊಂಡು ಅದನ್ನು ಪಟ್ಟು ಹಿಡಿದು ನಕಲು ಮಾಡಿ ಎಂದೇ. ನಾನು ಆರಿಸಿಕೊಂಡದ್ದು ಸ್ಪೇನಿನ ದಿಯೆಗೊ ವೆಲಾಸ್ಕೆಸ್ 1650ರಲ್ಲಿ ರೋಮಿನಲ್ಲಿದ್ದಾಗ ಬರೆದ ಹುವಾನ್ ದೆ ಪರೇಹನ ಭಾವಚಿತ್ರವನ್ನು. ಮೂಲ ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ, ಅಳತೆ 81.3 × 69.9 ಸೆಂ.ಮೀ. ಬೂದು ಬಣ್ಣದ ಉಡುಪು, ಅಗಲವಾದ ಬಿಳಿಯ ಲೇಸ್ ಕಾಲರ್, ಹೆಗಲ ಮೇಲೊಂದು ನಿಲುವಂಗಿ, ಹೊಟ್ಟೆಗೆ ಅಡ್ಡವಾಗಿ ಬಂದು ನಿಂತ ಒಂದು ಕೈ, ನಮ್ಮ ಕಡೆಗೆ ಹೊರಳಿದ ಕಂದು ಬಣ್ಣದ ಮುಖ, ಹಿಂದೆ ಬರಿಯ ಬೂದು ಗೋಡೆಯಂಥ ಹಿನ್ನೆಲೆ. ಚಿತ್ರದಲ್ಲಿರುವುದು ಇಷ್ಟೇ. ಆದರೆ ಆ ನೋಟದ ಎದುರು ನಿಂತರೆ ನಾವೇ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತೇವೆ.

ಈ ಚಿತ್ರವನ್ನೇ ಏಕೆ ಆರಿಸಿದೆ ಎಂಬುದಕ್ಕೆ ಸ್ಪಷ್ಟವಾದ ಕಾರಣವಿದೆ. ಭಾವಚಿತ್ರ ಕಲಿಸುವ ಪುಸ್ತಕಗಳಲ್ಲಿ, ವಿಡಿಯೊಗಳಲ್ಲಿ ಬರುವ ಮುಖಗಳು ಬಹುಪಾಲು ಬಿಳಿಯ ಚರ್ಮದವು. ಬಿಳಿ, ಹಳದಿ, ಕೆಂಪು ಬೆರೆಸಿ ಗುಲಾಬಿಯ ಒಂದು ಹದ ತಂದುಕೊಳ್ಳಿ ಎಂಬಲ್ಲಿಂದ ಪಾಠ ಶುರುವಾಗುತ್ತದೆ. ಅಂಗಡಿಯಲ್ಲಿ ಸಿಗುವ ಬಣ್ಣದ ಪೆಟ್ಟಿಗೆಗಳಲ್ಲಿ 'ಫ್ಲೆಶ್ ಟಿಂಟ್' (ಮೈಬಣ್ಣ) ಎಂದು ಹೆಸರಿರುವ ಟ್ಯೂಬ್ ಕೂಡ ಅದೇ ಗುಲಾಬಿ. ನಮ್ಮ ಮನೆಗಳಲ್ಲಿ ಓಡಾಡುವ ಯಾರ ಕೆನ್ನೆಯೂ ಆ ಟ್ಯೂಬಿನೊಳಗಿಲ್ಲ. ಅದಕ್ಕೆ ಕಂದು ಕಲಸಿದರೆ ಮುಖ ಮಣ್ಣಿನ ಗೋಡೆಯ ಹಾಗೆ ಸತ್ತು ಕೂರುತ್ತದೆ. ಕಂದು ಚರ್ಮದೊಳಗೆ ಬೆಳಕು ಹೇಗೆ ಓಡಾಡುತ್ತದೆ ಎಂಬುದನ್ನು ತೈಲವರ್ಣದಲ್ಲಿ ಪೂರ್ತಿಯಾಗಿ ಬಲ್ಲವನೊಬ್ಬನ ಕೈಯಿಂದಲೇ ಕಲಿಯಬೇಕು ಎಂದುಕೊಂಡಾಗ ನನಗೆ ಕಂಡದ್ದು ಪರೇಹ.

ಚಿತ್ರದ ಹಿಂದಿನ ಕಥೆಯನ್ನು ತಿಳಿಯದೆ ಆ ಮುಖಕ್ಕೆ ಕುಂಚ ಹಚ್ಚುವುದು ನನಗೆ ಸರಿಯೆನಿಸಲಿಲ್ಲ. ಹುವಾನ್ ದೆ ಪರೇಹ ಸ್ಪೇನಿನ ಆಂತೆಕೇರ ಎಂಬ ಊರಿನವನು. ವೆಲಾಸ್ಕೆಸ್‌ನ ಕಾರ್ಯಶಾಲೆಯಲ್ಲಿ ಗುಲಾಮನಾಗಿದ್ದವನು. ಬಣ್ಣ ಅರೆಯುವುದು, ಕ್ಯಾನ್ವಾಸ್ ಸಿದ್ಧಪಡಿಸುವುದು ಮುಂತಾದ ಕೆಲಸಗಳು ಇಂಥವರ ಪಾಲಿಗೆ ಬರುತ್ತಿದ್ದವು. ರಾಜನಿಗಾಗಿ ಕಲಾಕೃತಿಗಳನ್ನು ಸಂಗ್ರಹಿಸಲು ವೆಲಾಸ್ಕೆಸ್ 1649ರಲ್ಲಿ ಎರಡನೆಯ ಬಾರಿ ಇಟಲಿಗೆ ಹೋದಾಗ ಪರೇಹನೂ ಜೊತೆಯಲ್ಲಿದ್ದ. ಹತ್ತನೆಯ ಇನ್ನೊಸೆಂಟ್ ಪೋಪರ ಭಾವಚಿತ್ರ ಬರೆಯುವ ಮೊದಲು ಕೈ ಪಳಗಿಸಿಕೊಳ್ಳಲು ವೆಲಾಸ್ಕೆಸ್ ಪರೇಹನನ್ನು ಕೂರಿಸಿ ಬರೆದ ಎಂದು ಹದಿನೆಂಟನೆಯ ಶತಮಾನದ ಆರಂಭದಲ್ಲಿ ಚಿತ್ರಕಾರರ ಜೀವನಚರಿತ್ರೆಗಳನ್ನು ಬರೆದ ಪಲೊಮಿನೊ ಹೇಳುತ್ತಾನೆ. ಮುಗಿದ ಚಿತ್ರವನ್ನು ಪರೇಹನ ಕೈಯಲ್ಲೇ ಗೆಳೆಯರಿಗೆ ತೋರಿಸಲು ಕಳಿಸಿದನಂತೆ. ನೋಡಿದವರಿಗೆ ಚಿತ್ರದೊಡನೆ ಮಾತಾಡಬೇಕೋ ಎದುರು ನಿಂತ ಮನುಷ್ಯನೊಡನೆ ಮಾತಾಡಬೇಕೋ ತಿಳಿಯಲಿಲ್ಲವಂತೆ. 1650ರ ಮಾರ್ಚ್ 19ರಂದು ಅದನ್ನು ರೋಮಿನ ಪ್ಯಾಂಥಿಯನ್‌ನಲ್ಲಿ ಪ್ರದರ್ಶನಕ್ಕಿಟ್ಟರು. ಅದೇ ವರ್ಷದ ನವೆಂಬರ್ 23ರಂದು ಪರೇಹನಿಗೆ ಬಿಡುಗಡೆ ಕೊಡುವ ಪತ್ರ ರೋಮಿನಲ್ಲಿ ಆಯಿತು; ಆದರೆ ಇನ್ನೂ ನಾಲ್ಕು ವರ್ಷ ದುಡಿಯಬೇಕೆಂಬ ಷರತ್ತು ಅದರಲ್ಲಿತ್ತು. ಅಂದರೆ ಚಿತ್ರದಲ್ಲಿ ನಮ್ಮನ್ನು ನೇರವಾಗಿ ದಿಟ್ಟಿಸುವ ಈ ಮನುಷ್ಯ ಬರೆಸಿಕೊಳ್ಳುವ ಹೊತ್ತಿಗೆ ಇನ್ನೊಬ್ಬರ ಸ್ವತ್ತಾಗಿದ್ದ. ಆ ಮುಖದ ಮರ್ಯಾದೆಯನ್ನು ವೆಲಾಸ್ಕೆಸ್ ಕಂಡು ಬರೆದ ಎಂಬುದೂ ನಿಜ, ಆ ಮರ್ಯಾದೆಯ ಒಡೆತನ ಪರೇಹನದ್ದೇ ಎಂಬುದೂ ನಿಜ. ನಕಲು ಮಾಡುವಾಗ ಇವೆರಡನ್ನೂ ಮನಸ್ಸಿನಲ್ಲಿಟ್ಟುಕೊಂಡೆ.

ನಕಲು ಮಾಡುವುದು ಕೀಳೆಂದು ಭಾವಿಸುವವರಿದ್ದಾರೆ. ಸಂಗೀತ ಕಲಿಯುವ ಮಗು ಗುರುಗಳು ಹೇಳಿಕೊಟ್ಟ ಸಂಗತಿಯನ್ನು ಹೇಳಿಕೊಟ್ಟಂತೆಯೇ ಹಾಡುವುದನ್ನು ನಾವು ಯಾರೂ ಕೀಳಾಗಿ ಕಾಣುವುದಿಲ್ಲ. ಚಿತ್ರಕ್ಕೂ ಅದೇ ನ್ಯಾಯ ಸಲ್ಲಬೇಕು. ಯುರೋಪಿನಲ್ಲಂತೂ ದೊಡ್ಡವರೆಲ್ಲ ನಕಲು ಮಾಡಿಯೇ ಬೆಳೆದರು. ಹೆಸರು ಮಾಡಿ ಐವತ್ತು ದಾಟಿದ ಮೇಲೂ ಫ್ಲೆಮಿಶ್ ಚಿತ್ರಕಾರ ರೂಬೆನ್ಸ್ 1628–29ರಲ್ಲಿ ಮ್ಯಾಡ್ರಿಡ್‌ನ ಅರಮನೆಯಲ್ಲಿ ಕುಳಿತು ಇಟಲಿಯ ಚಿತ್ರಕಾರ ಟಿಷಿಯನ್‌ನ ಚಿತ್ರಗಳನ್ನು ನಕಲು ಮಾಡಿದ. ಆಗ ಅದೇ ಆಸ್ಥಾನದಲ್ಲಿ ಚಿತ್ರಕಾರನಾಗಿದ್ದವನು ವೆಲಾಸ್ಕೆಸ್. ಟಿಷಿಯನ್‌ನ 'ಆದಮ್ ಮತ್ತು ಈವ್' ಚಿತ್ರವೂ ರೂಬೆನ್ಸ್ ಮಾಡಿದ ಅದರ ನಕಲೂ ಇಂದು ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿವೆ. ಎರಡನ್ನೂ ಹೋಲಿಸಿದರೆ ರೂಬೆನ್ಸ್ ಎಲ್ಲಿ ಒಪ್ಪಿಕೊಂಡ, ಎಲ್ಲಿ ವಾದ ಹೂಡಿದ ಎಂಬುದು ಕಾಣುತ್ತದೆ. 1879ರಲ್ಲಿ ಪ್ರಾಡೊಗೆ ಹೋದ ಅಮೆರಿಕದ ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ ವೆಲಾಸ್ಕೆಸ್‌ನನ್ನೇ ನಕಲು ಮಾಡಿದ. ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಇಂದಿಗೂ ಅನುಮತಿ ಪಡೆದು ಈಸೆಲ್ ಇಟ್ಟುಕೊಂಡು ನಕಲು ಮಾಡಬಹುದು. ನಕಲು ಮೂಲದ ಅಳತೆಯಲ್ಲಿರಬಾರದು ಎಂಬ ನಿಯಮವೊಂದಿದೆ.

ಮೈಸೂರಿನಲ್ಲಿ ಕುಳಿತವರಿಗೆ ಆ ಸೌಲಭ್ಯವಿಲ್ಲ. ಆದರೆ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ಹಕ್ಕುಸ್ವಾಮ್ಯ ಮುಗಿದ ತನ್ನ ಕೃತಿಗಳ ಛಾಯಾಚಿತ್ರಗಳನ್ನು ಯಾರು ಬೇಕಾದರೂ ಬಳಸುವಂತೆ ಮುಕ್ತಗೊಳಿಸಿತು. ದೊಡ್ಡ ಫೈಲನ್ನು ಇಳಿಸಿಕೊಂಡು ಮುಖದ ಭಾಗವನ್ನು ಬೇರೆಯಾಗಿಯೂ ಪೂರ್ತಿ ಚಿತ್ರವನ್ನು ಬೇರೆಯಾಗಿಯೂ ಮ್ಯಾಟ್ ಕಾಗದದಲ್ಲಿ ಅಚ್ಚು ಹಾಕಿಸಿಕೊಂಡೆ. ಅಚ್ಚಿನಲ್ಲಿ ನೆರಳಿನ ಭಾಗಗಳು ಕಪ್ಪಾಗಿ ಮುಚ್ಚಿಹೋಗುವುದರಿಂದ ನೆರಳಿಗೆ ಕಂಪ್ಯೂಟರಿನ ಪರದೆಯನ್ನೂ ಅಳತೆ ಮತ್ತು ಅಂಚುಗಳಿಗೆ ಅಚ್ಚನ್ನೂ ನೋಡುವುದು ಒಳ್ಳೆಯದು. ಲೂವ್ರ್‌ನ ನಿಯಮಕ್ಕೆ ಗೌರವ ಕೊಟ್ಟಂತೆಯೂ ಆಗಲೆಂದು ನಾನು 60 × 50 ಸೆಂ.ಮೀ. ಕ್ಯಾನ್ವಾಸ್ ತೆಗೆದುಕೊಂಡೆ.

ಬಿಳಿಯ ಕ್ಯಾನ್ವಾಸಿನ ಮೇಲೆ ಈ ಕೆಲಸ ಶುರು ಮಾಡಬಾರದು. ಬಿಳಿಯ ಪಕ್ಕದಲ್ಲಿ ಕಂದು ಬಣ್ಣ ಯಾವಾಗಲೂ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ. ಅದನ್ನು ನಂಬಿ ತಿಳಿಯಾಗಿಸುತ್ತ ಹೋದರೆ ಹಿನ್ನೆಲೆ ತುಂಬಿದ ದಿನ ಮುಖ ಸುಣ್ಣ ಬಳಿದಂತಾಗಿರುತ್ತದೆ. ರಾ ಅಂಬರ್ ಎಂಬ ಮಣ್ಣುಗಂದು ಬಣ್ಣ, ಸ್ವಲ್ಪ ಕಪ್ಪು, ಸ್ವಲ್ಪ ಬಿಳಿ ಸೇರಿಸಿ, ಟರ್ಪೆಂಟೈನ್‌ನಲ್ಲಿ ತೆಳುಮಾಡಿ, ಕ್ಯಾನ್ವಾಸಿಗೆಲ್ಲ ಒಂದು ನಡುಮಟ್ಟದ ಕಂದುಬೂದು ಬಳಿದು ಒಣಗಲು ಬಿಟ್ಟೆ. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ. ಐವರಿ ಬ್ಲಾಕ್ ಎಂಬ ಕಪ್ಪು ತುಂಬಾ ನಿಧಾನ. ತೈಲವರ್ಣ ನೀರು ಆರಿದಂತೆ ಆರುವುದಿಲ್ಲ, ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಆದ್ದರಿಂದ ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಎಂಬ ಕ್ರಮವನ್ನು ಮೀರಿದರೆ ಮುಂದೆ ಬಿರುಕು ಬಿಡುತ್ತದೆ. (ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಒಣಗುವಾಗ ಹುಟ್ಟುವ ಕಾವಿಗೆ ತಾನಾಗಿ ಬೆಂಕಿ ಹತ್ತಬಹುದು. ಬಿಡಿಸಿ ಹರವಿ ಒಣಗಿಸಬೇಕು.)

ರೇಖೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚೌಕ ಹಾಕಿಕೊಂಡು ತಲೆ, ಕಾಲರ್, ಕೈ ಇವುಗಳ ಜಾಗವನ್ನು ಅಂಬರಿನಲ್ಲೇ ಗುರುತು ಮಾಡಿಕೊಂಡೆ. ಅದಾದ ಮೇಲೆ ಕಣ್ಣು, ಮೂಗು, ತುಟಿ ಎಂದು ಹೋಗದೆ, ಕಣ್ಣನ್ನು ಅರೆಮುಚ್ಚಿ ನೋಡಿ ಬೆಳಕಿನ ತುಂಡೊಂದು, ನೆರಳಿನ ತುಂಡೊಂದು ಎಂದು ಎರಡೇ ಭಾಗ ಮಾಡಿಕೊಳ್ಳಬೇಕು. ಬೆಳಕು ನೋಡುವವರ ಎಡಗಡೆಯಿಂದ ಬರುತ್ತದೆ. ಹಣೆ, ಮೂಗಿನ ದಂಡ, ಆ ಬದಿಯ ಕೆನ್ನೆ ಬೆಳಕಿನಲ್ಲಿವೆ, ಇನ್ನೊಂದು ಬದಿ ನೆರಳಿಗೆ ಜಾರುತ್ತದೆ. ಈ ಎರಡು ತುಂಡುಗಳ ಆಕಾರ ಸರಿಯಾಗಿ ಕುಳಿತರೆ ಕಣ್ಣು ಬರೆಯುವ ಮೊದಲೇ ಹೋಲಿಕೆ ಬಂದಿರುತ್ತದೆ. ವೆಲಾಸ್ಕೆಸ್‌ನ ಕೈಯ ರೇಖಾಚಿತ್ರಗಳು ಉಳಿದಿರುವುದು ತೀರ ಕಡಿಮೆ. ಅವನು ಕ್ಯಾನ್ವಾಸಿನ ಮೇಲೆಯೇ ಕುಂಚದಿಂದ ಹುಡುಕುತ್ತ, ಬದಲಿಸುತ್ತ ಬರೆಯುತ್ತಿದ್ದ ಎಂಬುದನ್ನು ಅವನ ಅನೇಕ ಚಿತ್ರಗಳ ಎಕ್ಸ್-ರೇಗಳು ತೋರಿಸುತ್ತವೆ.

ಈಗ ಬಣ್ಣ. ನಾನು ಪ್ಯಾಲೆಟ್ಟಿನ ಮೇಲೆ ಹಾಕಿಕೊಂಡದ್ದು ಬಿಳಿ, ಯೆಲ್ಲೊ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಪು ಕಂದು), ರಾ ಅಂಬರ್, ಐವರಿ ಬ್ಲಾಕ್, ಮತ್ತು ಹಳೆಯ ಕಾಲದ ಕೆಂಪಾದ ವರ್ಮಿಲಿಯನ್‌ನ ಬದಲಿಗೆ ತುಸು ಕ್ಯಾಡ್ಮಿಯಂ ರೆಡ್. ನೀಲಿ ಬೇಡವೇ ಬೇಡ. ಐವರಿ ಬ್ಲಾಕ್‌ಗೆ ಬಿಳಿ ಬೆರೆಸಿ ಬರುವ ಬೂದು, ಸಿಯೆನ್ನಾದಂಥ ಬಿಸಿ (ಕೆಂಪು, ಹಳದಿಯ ಕಡೆಗಿನ) ಬಣ್ಣದ ಪಕ್ಕದಲ್ಲಿ ಇಟ್ಟ ಕೂಡಲೆ ನೀಲಿಯಾಗಿ ಕಾಣುತ್ತದೆ. ಅದೇ ಕಪ್ಪಿಗೆ ಓಕರ್ ಬೆರೆಸಿದರೆ ಹಸಿರು ಹುಟ್ಟುತ್ತದೆ. ಪರೇಹನ ಹಿಂದಿನ ಹಸಿರು ಬೆರೆತ ಬೂದು, ಅವನ ಉಡುಪಿನ ಬೂದು, ಎರಡೂ ನನಗೆ ಕಪ್ಪು, ಓಕರ್, ಬಿಳಿ ಇಷ್ಟರಿಂದಲೇ ಬಂದವು. ನಾನು ಈ ಚಿತ್ರದಿಂದ ಕಲಿತದ್ದರಲ್ಲಿ ಅತಿ ದೊಡ್ಡದು ಇಲ್ಲಿದೆ: ಅವನ ಚರ್ಮದ ತಾಮ್ರದ ಕಾಂತಿ ಚರ್ಮಕ್ಕೆ ಹಚ್ಚಿದ ಬಣ್ಣದಲ್ಲಿ ಅರ್ಧ ಮಾತ್ರ ಇದೆ, ಉಳಿದ ಅರ್ಧ ಸುತ್ತಲಿನ ಬೂದಿನಲ್ಲಿದೆ. ಪರೀಕ್ಷೆಗೆಂದು ಮುಖಕ್ಕೆ ಬೆರೆಸಿದ ಬಣ್ಣವನ್ನು ಒಂದು ಚೂರು ಕಾಗದಕ್ಕೆ ಹಚ್ಚಿ ಬಿಳಿಯ ಮೇಜಿನ ಮೇಲಿಟ್ಟು ನೋಡಿದೆ. ಕೊಳೆ ಹತ್ತಿದ ಇಟ್ಟಿಗೆಯ ಬಣ್ಣ. ಅದೇ ಚೂರನ್ನು ಕ್ಯಾನ್ವಾಸಿನ ಹಸಿರು ಬೂದಿನ ಮೇಲೆ ಇಟ್ಟರೆ ಒಳಗಿನಿಂದ ಬಿಸಿ ಹೊಮ್ಮುವ ಚರ್ಮ. ಆದ್ದರಿಂದ ಹಿನ್ನೆಲೆಯನ್ನು ಕೊನೆಗೆ ಉಳಿಸಿಕೊಳ್ಳದೆ ಮುಖದ ಜೊತೆಜೊತೆಗೇ ತುಂಬುತ್ತ ಬರಬೇಕು. ಮುಖದ ಬಣ್ಣ ಸರಿಯಿದೆಯೇ ಎಂದು ಹೇಳುವುದು ಹಿನ್ನೆಲೆಯೇ.

ಹಣೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಕಂದು ಚರ್ಮದ ಮೇಲೆ ಬೆಳಕು ಎರಡು ಬಗೆಯಲ್ಲಿ ಇರುತ್ತದೆ. ಒಂದು, ಚರ್ಮದ ಒಳಹೊಕ್ಕು ಬಣ್ಣ ಪಡೆದು ಬರುವ ಬೆಳಕು. ಅದು ಬಿಸಿ, ಕೆಂಪು ಕಂದು. ಇನ್ನೊಂದು, ಚರ್ಮದ ಮೇಲ್ಮೈಯ ಎಣ್ಣೆಪಸೆಯಿಂದ ನೇರವಾಗಿ ಪ್ರತಿಫಲಿಸುವ ಬೆಳಕು; ಅದಕ್ಕೆ ಚರ್ಮದ ಬಣ್ಣ ಅಂಟಿರುವುದಿಲ್ಲ, ಕಿಟಕಿಯ ಬಣ್ಣವಿರುತ್ತದೆ. ಬಿಳಿಯ ಚರ್ಮದಲ್ಲಿ ಇವೆರಡರ ನಡುವಿನ ಅಂತರ ಕಿರಿದು, ನಮ್ಮಂಥವರ ಚರ್ಮದಲ್ಲಿ ಹಿರಿದು. ಪರೇಹನ ಹಣೆಯಲ್ಲಿ ಸಿಯೆನ್ನಾ ಮತ್ತು ಓಕರ್ ಬೆರೆತ ತಳದ ಮೇಲೆ ಬೆಳಕಿನ ತೇಪೆ ಬಂದು ಕೂರುವಾಗ ಅದರ ಅಂಚಿನಲ್ಲಿ ಬೂದು ಛಾಯೆಯೊಂದು ಕಾಣುತ್ತದೆ, ಆ ಬೂದನ್ನು ದಾಟಿದ ಮೇಲೆಯೇ ತಿಳಿಯಾದ ಹೊಳಪು. ಕಂದಿಗೆ ಬಿಳಿ ಬೆರೆಸುತ್ತ ಮೆಟ್ಟಿಲು ಮೆಟ್ಟಿಲಾಗಿ ಏರಿದರೆ ಈ ಹೊಳಪು ಎಂದೂ ಸಿಗುವುದಿಲ್ಲ. ಹಣೆ ಹಿಟ್ಟು ಬಳಿದಂತೆ ಕಾಣುತ್ತದೆ. ಕಂದು, ಅದರ ಮೇಲೆ ತಂಪಾದ (ನೀಲಿಯ ಕಡೆಗಿನ) ಬೂದು, ಅದರೊಳಗೆ ಓಕರ್ ಸೋಂಕಿದ ಬಿಳಿಯ ಒಂದೇ ಗೀಟು, ಎಂದು ಮೂರು ಬೇರೆ ಬೇರೆ ಬಣ್ಣಗಳನ್ನು ಬೆರೆಸಿ ಸಿದ್ಧವಿಟ್ಟುಕೊಂಡು, ತಳ ಹಸಿಯಾಗಿರುವಾಗಲೇ ಪಕ್ಕಪಕ್ಕ ಇರಿಸಿ, ಸೇರುವೆಯನ್ನು ಒಣ ಕುಂಚದಿಂದ ಒಮ್ಮೆ ಮಾತ್ರ ಸವರಬೇಕು. ಇದನ್ನು ಕಲಿತ ಮೇಲೆ ಬಸ್ಸಿನಲ್ಲಿ ಎದುರು ಕುಳಿತವರ ಹಣೆ, ಕೆನ್ನೆಯ ಮೂಳೆ, ಮೂಗಿನ ತುದಿ ನೋಡುವ ನನ್ನ ರೀತಿಯೇ ಬದಲಾಯಿತು.

ಬಿಳಿಯ ಬಣ್ಣದ ವಿಷಯದಲ್ಲಿ ಮೂಲಕ್ಕೂ ನಕಲಿಗೂ ಒಂದು ವ್ಯತ್ಯಾಸ ಉಳಿಯುತ್ತದೆ. ವೆಲಾಸ್ಕೆಸ್ ಬಳಸಿದ್ದು ಸೀಸದ ಬಿಳಿ. ಅದು ವಿಷ, ಮನೆಯೊಳಗೆ, ಮಕ್ಕಳಿರುವಲ್ಲಿ ಇಟ್ಟುಕೊಳ್ಳುವ ವಸ್ತುವಲ್ಲ. ಇಂದಿನ ಟೈಟಾನಿಯಂ ವೈಟ್ ಇಪ್ಪತ್ತನೆಯ ಶತಮಾನದಲ್ಲಿ ಬಳಕೆಗೆ ಬಂದದ್ದು. ಸೀಸದ ಬಿಳಿಗಿಂತ ತಂಪು, ಬಲು ಪ್ರಬಲ, ಕಡಲೆಕಾಳಿನಷ್ಟು ಬಿದ್ದರೂ ಉಳಿದ ಬಣ್ಣಗಳನ್ನೆಲ್ಲ ನುಂಗಿಬಿಡುತ್ತದೆ. ವೆಲಾಸ್ಕೆಸ್‌ನ ಚಿತ್ರಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದವರಿಗೆ ಬಣ್ಣದ ಪದರಗಳಲ್ಲಿ ಕ್ಯಾಲ್ಸೈಟ್ ಎಂಬ ಖನಿಜ ಸಿಕ್ಕಿದೆ. ಅದು ಎಣ್ಣೆಯಲ್ಲಿ ಕಲಸಿದಾಗ ಬೆಳ್ಳಗೆ ಉಳಿಯದೆ ಅರೆಪಾರದರ್ಶಕವಾಗುತ್ತದೆ. ಬಣ್ಣಕ್ಕೆ ಮೈ ಬರುತ್ತದೆ, ಬಣ್ಣ ಮಾತ್ರ ಬಿಳುಚುವುದಿಲ್ಲ. ನಾನು ಟೈಟಾನಿಯಂಗೆ ನುಣ್ಣಗಿನ ಅಮೃತಶಿಲೆಯ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದು ಸೇರಿಸಿಕೊಂಡೆ, ಏಕೆಂದರೆ ಕ್ಯಾಲ್ಸೈಟ್, ಅಮೃತಶಿಲೆ ಎರಡೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಮೈಬಣ್ಣಕ್ಕೆ ಇದರಿಂದ ಆದ ಉಪಕಾರ ದೊಡ್ಡದು.

ಕಾಲರ್ ಬರೆಯುವುದು ಹಬ್ಬ. ದೂರದಿಂದ ನೋಡಿದರೆ ಒಂದೊಂದು ಎಳೆಯನ್ನೂ ಎಣಿಸಿ ಬರೆದ ಲೇಸಿನಂತಿದೆ; ಹತ್ತಿರದಿಂದ ನೋಡಿದರೆ ಬೂದು ಬಿಳಿಯ ಒಂದು ಹಾಸು, ಅದರ ಮೇಲೆ ದಪ್ಪ ಬಿಳಿಯ ಬೊಟ್ಟುಗಳು, ಮುರಿದ ಗೀಟುಗಳು, ಎಲ್ಲೋ ಒಂದೆರಡು ಕಡೆ ಹೂವಿನ ಆಕಾರದ ಸುಳಿವು. ಲೇಸಿನ ವಿನ್ಯಾಸವನ್ನು ಬರೆಯಲು ಹೋದವರಿಗೆ ಲೇಸು ಸಿಗುವುದಿಲ್ಲ. ಉಡುಪಿನ ಬೂದು ಒಣಗಿದ ಮೇಲೆ ಹಾಸನ್ನು ತೆಳುವಾಗಿ ಎಳೆದು, ಆಮೇಲೆ ಬಣ್ಣ ತುಂಬಿದ ಕುಂಚದಿಂದ ಒತ್ತಿ ಎತ್ತಿಬಿಡಬೇಕು, ಮತ್ತೆ ಮುಟ್ಟುವಂತಿಲ್ಲ. ವೆಲಾಸ್ಕೆಸ್ ಉದ್ದ ಹಿಡಿಯ ಕುಂಚಗಳನ್ನು ಬಳಸುತ್ತಿದ್ದ ಎಂದು ಪಲೊಮಿನೊ ಬರೆದಿದ್ದಾನೆ. ಕುಂಚವನ್ನು ಹಿಡಿಯ ತುದಿಯಲ್ಲಿ ಹಿಡಿದು, ತೋಳು ಚಾಚಿ ಬರೆದು ನೋಡಿದರೆ ಇದರ ಲಾಭ ತಿಳಿಯುತ್ತದೆ: ಬೆರಳುಗಳು ಸುಮ್ಮನಾಗುತ್ತವೆ, ಭುಜ ಬರೆಯುತ್ತದೆ, ಮತ್ತು ಬರೆದದ್ದು ನೋಡುವವರಿಗೆ ಎಷ್ಟು ದೂರದಿಂದ ಕಾಣುತ್ತದೋ ಅಷ್ಟೇ ದೂರದಿಂದ ನಮಗೂ ಕಾಣುತ್ತದೆ.

ಅಂಚುಗಳಲ್ಲಿಯೂ ಇದೇ ಸಂಯಮ. ಪರೇಹನ ಕೂದಲು ಹಿನ್ನೆಲೆಗೆ ಕರಗುತ್ತದೆ, ನೆರಳಿನ ಕಡೆಯ ದವಡೆ ಗಡ್ಡದೊಳಗೆ ಕರಗುತ್ತದೆ. ಆದರೆ ಕಾಲರಿನ ಅಂಚು ಉಡುಪಿನ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಎಲ್ಲವೂ ಚೂಪಾಗಿದ್ದರೆ ಮುಖ ಕತ್ತರಿಸಿ ಅಂಟಿಸಿದಂತೆ ಕಾಣುತ್ತಿತ್ತು. ಕೈಯನ್ನಂತೂ ವೆಲಾಸ್ಕೆಸ್ ಕೆಲವೇ ತುಂಡುಗಳಲ್ಲಿ ಹೇಳಿ ಬಿಟ್ಟಿದ್ದಾನೆ. ಉಗುರು, ಗೆಣ್ಣು ಎಂದು ಹುಡುಕಿದರೆ ಏನೂ ಇಲ್ಲ. ಗಮನ ಮುಖದಲ್ಲೇ ಇರಬೇಕೆಂಬ ಅವನ ತೀರ್ಮಾನವನ್ನು ನಕಲು ಮಾಡುವವರೂ ಗೌರವಿಸಬೇಕು.

ಛಾಯಾಚಿತ್ರದಿಂದ ಕಲಿಯಲಾಗದ ಒಂದು ಸಂಗತಿಯೆಂದರೆ ಬಣ್ಣದ ದಪ್ಪ. ಅದಕ್ಕಾಗಿ ನಾನು ಜಗನ್ಮೋಹನ ಅರಮನೆಯ ಕಲಾ ಗ್ಯಾಲರಿಗೆ ಹೋಗಿ ರವಿವರ್ಮನ ತೈಲಚಿತ್ರಗಳನ್ನು ಓರೆಯಾಗಿ, ಬೆಳಕು ಹಾಯುವ ಬದಿಯಿಂದ ನೋಡುತ್ತ ನಿಲ್ಲುತ್ತಿದ್ದೆ. ರವಿವರ್ಮನ ದಾರಿ ಬೇರೆ. ಅವನದು ನಯವಾಗಿ ಬೆಸೆದ ಮೈಬಣ್ಣ, ಕುಂಚದ ಗುರುತು ಅಡಗಿರುತ್ತದೆ. ಆದರೂ ತೆಳುವಾದ ನೆರಳು, ದಪ್ಪವಾದ ಬೆಳಕು ಎಂಬ ತೈಲವರ್ಣದ ಹಳೆಯ ಕಟ್ಟಳೆ ಅಲ್ಲಿಯೂ ಕಾಣುತ್ತದೆ. ನಮ್ಮವರ ಚರ್ಮ, ಒಡವೆ, ಜರಿಯಂಚು ಎಣ್ಣೆಯ ಬಣ್ಣದಲ್ಲಿ ಹೇಗೆ ಬರುತ್ತದೆ ಎಂಬುದನ್ನು ಕಣ್ಣಾರೆ ಕಾಣಲು ಮೈಸೂರಿನಲ್ಲಿ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಚಿತ್ರ ಕಲಿಯುವವರು ಅಲ್ಲಿ ಒಂದು ಸುತ್ತು ಹಾಕಿ ಹೊರಬರದೆ ಒಂದೇ ಚಿತ್ರದ ಮುಂದೆ ಹೊತ್ತು ಕಳೆಯಬೇಕು.

ಪರೇಹ ತಾನೂ ಚಿತ್ರಕಾರನಾದ ಎಂಬುದನ್ನು ಹೇಳದೆ ಈ ಬರಹ ಮುಗಿಸಲಾರೆ. 1661ರಲ್ಲಿ ಅವನು ಬರೆದ 'ಸಂತ ಮ್ಯಾಥ್ಯೂವಿನ ಕರೆ' ಎಂಬ ದೊಡ್ಡ ಚಿತ್ರ ಪ್ರಾಡೊದಲ್ಲಿದೆ. ಅಗಲ ಮೂರು ಮೀಟರಿಗೂ ಹೆಚ್ಚು. ಅದರ ಎಡತುದಿಯಲ್ಲಿ ಅವನು ತನ್ನನ್ನೇ ಬರೆದುಕೊಂಡಿದ್ದಾನೆ, ಕೈಯಲ್ಲಿ ಒಂದು ಚೀಟಿ, ಚೀಟಿಯ ಮೇಲೆ ಅವನ ಹೆಸರು. 2023ರಲ್ಲಿ ಮೆಟ್ರೊಪಾಲಿಟನ್ ಮ್ಯೂಸಿಯಂ ಅವನ ಮೇಲೆಯೇ ಒಂದು ಪ್ರದರ್ಶನ ಏರ್ಪಡಿಸಿ ಅವನ ಕೃತಿಗಳನ್ನು ತಂದಿರಿಸಿತು. ವೆಲಾಸ್ಕೆಸ್ ಬರೆದ ಮುಖ, ಪರೇಹನೇ ಬರೆದ ಮುಖ, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡುವುದೇ ಒಂದು ಪಾಠ. ಪರೇಹನ ಚಿತ್ರದಲ್ಲಿ ಬಣ್ಣ ಹೆಚ್ಚು, ಬಟ್ಟೆಬರೆಯ ವಿವರ ಹೆಚ್ಚು, ಗುರುವಿನ ಬೂದಿನ ಮಿತವ್ಯಯವಿಲ್ಲ; ಅವನು ತನ್ನ ದಾರಿಯನ್ನು ತಾನೇ ಆರಿಸಿಕೊಂಡಿದ್ದ. ನನ್ನ ಮುಂದಿನ ನಕಲು ಆ ಎಡತುದಿಯ ಮನುಷ್ಯ ಮತ್ತು ಅವನ ಕೈಯ ಚೀಟಿ.

ಈ ನಡುವೆ ನಮ್ಮ ದೊಡ್ಡಪ್ಪನವರನ್ನು ಕಿಟಕಿಯ ಪಕ್ಕ ಕೂರಿಸಿ ಬರೆಯಲು ಶುರು ಮಾಡಿದ್ದೇನೆ. ಅದೇ ಆರು ಬಣ್ಣ, ಅದೇ ಕಂದುಬೂದು ತಳಬಣ್ಣ. ಅವರ ಹಣೆಯ ಬೂದು ಪರೇಹನದಕ್ಕಿಂತ ತಂಪು, ನೆರಳಿನಲ್ಲಿ ಕೆಂಪು ಕಡಿಮೆ, ಆದ್ದರಿಂದ ಸಿಯೆನ್ನಾ ತಗ್ಗಿಸಿ ಅಂಬರ್ ಹೆಚ್ಚಿಸಬೇಕಾಗಿದೆ. ಪರೇಹನ ನಕಲು ಗೋಡೆಗೆ ಒರಗಿ ಒಣಗುತ್ತಿದೆ. ವಾರ್ನಿಷ್ ಹಚ್ಚಲು ಆರು ತಿಂಗಳಾದರೂ ಕಾಯಬೇಕು. ಕ್ಯಾನ್ವಾಸಿನ ಹಿಂಬದಿಯಲ್ಲಿ ಮೂಲ ಚಿತ್ರಕಾರನ ಹೆಸರು, ಮೂಲ ಚಿತ್ರದ ವರ್ಷ, ಕುಳಿತವನ ಹೆಸರು, ಅದರ ಕೆಳಗೆ ಇದು ನಕಲು ಎಂದು ನನ್ನ ಹೆಸರಿನೊಡನೆ ಬರೆದಿಟ್ಟಿದ್ದೇನೆ. ನಕಲು ಮಾಡುವವರೆಲ್ಲ ಇದನ್ನು ತಪ್ಪದೆ ಮಾಡಬೇಕು, ಕುಳಿತವನ ಹೆಸರನ್ನೂ ಸೇರಿಸಿ.